ಫಾರ್ಮ್ಯಾಟ್ ಹೊಡೆಯುವ ಮೊದಲು ಇದನ್ನೊಮ್ಮೆ ಓಡಿಸಿ: ಸಿಸ್‌ಇಂಟರ್ನಲ್ಸ್ ಟೂಲ್‌ಗಳ ವಿಮರ್ಶೆ

ಮಂಗಳೂರಿನಲ್ಲಿ ಆಫೀಸಿನ ಕಂಪ್ಯೂಟರಿಗೆ ವೈರಸ್ ಬಂತು ಅಂತ ಯಾರಿಗೆ ಫೋನ್ ಮಾಡಿದರೂ ಹೆಚ್ಚಾಗಿ ಸಿಗುವ ಉತ್ತರ ಒಂದೇ: ‘ಡೇಟಾ ಬ್ಯಾಕಪ್ ತೆಗೆದು ಫಾರ್ಮ್ಯಾಟ್ ಹೊಡೆಯುವ.’ ಮಕ್ಕಳು ಗೇಮ್ ಆಡುವ ಮನೆಯ ಕಂಪ್ಯೂಟರಿಗೆ ಅಷ್ಟು ಸಾಕಾಗಬಹುದು. ನೆಟ್ ಬ್ಯಾಂಕಿಂಗ್, ಕಸ್ಟಮ್ಸ್ ಫೈಲಿಂಗ್, ಪಾರ್ಟಿಗಳ ಇನ್‌ವಾಯ್ಸ್ ಎಲ್ಲ ಇರುವ ಸಿಸ್ಟಮಿಗೆ ಸಾಲದು. ಒಳಗೆ ಬಂದದ್ದು ಎಂತದು, ಯಾವ ದಾರಿಯಲ್ಲಿ ಬಂತು, ಏನನ್ನು ಹೊತ್ತುಕೊಂಡು ಹೋಯಿತು, ಪಕ್ಕದ ಮೇಜಿನ ಸಿಸ್ಟಮಿಗೂ ಹತ್ತಿದೆಯಾ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಇರುವುದು ಅದೇ ಹಾರ್ಡ್ ಡಿಸ್ಕಿನಲ್ಲಿ, ಅದೇ ಹೊತ್ತಿನ ಮೆಮೊರಿಯಲ್ಲಿ. ಫಾರ್ಮ್ಯಾಟ್ ಹೊಡೆದರೆ ವೈರಸ್ಸಿನ ಜತೆಗೆ ಆ ಉತ್ತರವೂ ಹೋಗುತ್ತದೆ. ಕದ್ದುಹೋದ ಪಾಸ್‌ವರ್ಡ್ ಮಾತ್ರ ಕದ್ದವನ ಹತ್ತಿರವೇ ಉಳಿಯುತ್ತದೆ.

ಈ ಉತ್ತರಗಳನ್ನು ಹುಡುಕಲಿಕ್ಕೆ ನಾನು ದಿನವೂ ಬಳಸುವ, ಒಂದು ರೂಪಾಯಿ ಖರ್ಚಿಲ್ಲದ ಟೂಲ್‌ಗಳ ಬಗ್ಗೆ ಈ ಬರಹ. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಸೂಟ್. ಅದರಲ್ಲಿ ಹತ್ತಾರು ಪ್ರೋಗ್ರಾಂಗಳು ಉಂಟು. ನಾನು ಹೇಳಲಿಕ್ಕೆ ಹೊರಟದ್ದು ನಾಲ್ಕರ ಬಗ್ಗೆ ಮಾತ್ರ: ಪ್ರೋಸೆಸ್ ಎಕ್ಸ್‌ಪ್ಲೋರರ್, ಟಿಸಿಪಿವ್ಯೂ, ಆಟೋರನ್ಸ್, ಸಿಸ್‌ಮಾನ್.

ನನ್ನ ಕೆಲಸ ಪಣಂಬೂರು, ಬೈಕಂಪಾಡಿ, ಕುಳೂರು ಕಡೆಯ ಕೆಲವು ಸಿಎಚ್‌ಎ ಆಫೀಸುಗಳ ಮತ್ತು ಒಂದೆರಡು ಗೇರುಬೀಜ ಕಾರ್ಖಾನೆಗಳ ಕಂಪ್ಯೂಟರ್ ನೋಡಿಕೊಳ್ಳುವುದು. ಎಎಂಸಿ, ಅಂದರೆ ವರ್ಷದ ನಿರ್ವಹಣೆಯ ಒಪ್ಪಂದದ ಲೆಕ್ಕದಲ್ಲಿ. ಪ್ರಿಂಟರ್, ಟ್ಯಾಲಿ, ಮೇಲ್, ಸಿಸಿಟಿವಿ ಎಲ್ಲವೂ ನನ್ನ ತಲೆಗೇ. ಸಿಎಚ್‌ಎ ಅಂದರೆ ಬಂದರಿಗೆ ಬರುವ, ಹೋಗುವ ಸರಕಿನ ಕಸ್ಟಮ್ಸ್ ಕಾಗದಪತ್ರ ಮಾಡಿಸಿಕೊಡುವವರು. ಆಫ್ರಿಕಾದಿಂದ ಬರುವ ಹಸಿ ಗೇರುಬೀಜಕ್ಕೆ ಬಿಲ್ ಆಫ್ ಎಂಟ್ರಿ, ಹೊರಗೆ ಹೋಗುವ ಕಾಫಿಗೆ ಶಿಪ್ಪಿಂಗ್ ಬಿಲ್. ಇವರ ಇಡೀ ಜೀವನ ಇರುವುದು ಮೇಲ್‌ನ ಅಟ್ಯಾಚ್‌ಮೆಂಟ್‌ಗಳಲ್ಲಿ.

‘ಗುರುತಿಲ್ಲದವರ ಅಟ್ಯಾಚ್‌ಮೆಂಟ್ ತೆರೆಯಬೇಡಿ’ ಅಂತ ಎಲ್ಲರೂ ಬುದ್ಧಿ ಹೇಳುತ್ತಾರೆ. ಈ ಆಫೀಸುಗಳಲ್ಲಿ ಆ ಮಾತು ನಡೆಯುವುದೇ ಇಲ್ಲ. ಗುರುತಿಲ್ಲದವರ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಅರೈವಲ್ ನೋಟಿಸ್ ತೆರೆಯುವುದೇ ಇವರ ನೌಕರಿ. ಇದು ವೈರಸ್ ಕಳಿಸುವವರಿಗೂ ಚೆನ್ನಾಗಿ ಗೊತ್ತುಂಟು. ಏಜೆಂಟ್ ಟೆಸ್ಲಾ ಎಂಬ ಪಾಸ್‌ವರ್ಡ್ ಕದಿಯುವ ಮಾಲ್‌ವೇರ್ 2014ರಿಂದ ಓಡಾಡುತ್ತಿದೆ. ಅದು ಬರುವ ಮೇಲ್‌ಗಳ ವೇಷ ಹೆಚ್ಚಾಗಿ ಶಿಪ್ಪಿಂಗ್ ಕಾಗದದ್ದೇ. ಹಾಗಾಗಿ ತಡೆಯುವುದಷ್ಟೇ ನಮ್ಮ ಕೆಲಸ ಅಂತ ಕೂತರೆ ಆಗುವುದಿಲ್ಲ. ಒಂದಲ್ಲ ಒಂದು ದಿನ ಒಳಗೆ ಬರುತ್ತದೆ. ಬಂದ ಮೇಲೆ ಕಣ್ಣಿಗೆ ಕಾಣಬೇಕು.

ಟೂಲ್ ಹೇಗಿದೆ ಅಂತ ಹೇಳಲಿಕ್ಕೆ ಬೈಕಂಪಾಡಿಯ ಒಂದು ಆಫೀಸಿನಲ್ಲಿ ನಡೆದದ್ದನ್ನು ಹೇಳುವುದು ಒಳ್ಳೆಯದು. ಆವತ್ತು ನಾನು ಪ್ರಿಂಟರ್ ನೋಡಲಿಕ್ಕೆ ಹೋಗಿದ್ದೆ. ಡಾಕ್ಯುಮೆಂಟೇಶನ್ ನೋಡುವ ಹುಡುಗ, ಬಿಕಾಂ ಮುಗಿಸಿ ಹೊಸದಾಗಿ ಸೇರಿದವನು, ಮೆಲ್ಲ ಬಂದು ‘ಅಕ್ಕಾ, ಒಂದು ಅರೈವಲ್ ನೋಟಿಸ್ ಬಂದಿತ್ತು, ಎಷ್ಟು ಕ್ಲಿಕ್ ಮಾಡಿದ್ರೂ ಓಪನ್ ಆಗ್ಲೇ ಇಲ್ಲ. ಆಮೇಲಿಂದ ಸಿಸ್ಟಮ್ ಸ್ಲೋ ಉಂಟು’ ಅಂದ. ಮೇಲ್ ತೆಗೆದು ನೋಡಿದರೆ ಜಿಪ್ ಮಾಡಿದ ಅಟ್ಯಾಚ್‌ಮೆಂಟ್. ಅದರೊಳಗೆ ಪಿಡಿಎಫ್ ಚಿತ್ರ ಹೊತ್ತ ಒಂದು ಫೈಲ್. ಎಕ್ಸ್‌ಪ್ಲೋರರ್‌ನ ‘ಟೈಪ್’ ಕಾಲಂನಲ್ಲಿ ಮಾತ್ರ ‘ಅಪ್ಲಿಕೇಶನ್’ ಅಂತ ಬರೆದಿತ್ತು. ವಿಂಡೋಸ್ ಫೈಲ್ ಹೆಸರಿನ ಬಾಲವನ್ನು ತಾನಾಗಿ ಮುಚ್ಚಿಡುತ್ತದೆ. ಅದರಿಂದ ಡಾಟ್ ಇಎಕ್ಸ್‌ಇ ಎಂಬುದು ಹುಡುಗನ ಕಣ್ಣಿಗೆ ಬೀಳಲಿಲ್ಲ.

ಅವನನ್ನು ಯಾರೂ ಬೈಯಬಾರದು ಅಂತ ನಾನು ಮಾಲೀಕರಿಗೆ ಅಲ್ಲೇ ಹೇಳಿದೆ. ಅವನು ಬಂದು ಹೇಳಿದ್ದರಿಂದಲೇ ಕೆಲಸ ಆ ದಿನ ಮುಗಿಯಿತು. ಹೆದರಿ ಬಾಯಿ ಮುಚ್ಚಿಕೊಂಡಿದ್ದರೆ ಅದು ವಾರಗಟ್ಟಲೆ ಒಳಗೇ ಕೂತಿರುತ್ತಿತ್ತು.

ಮೊದಲು ಟಾಸ್ಕ್ ಮ್ಯಾನೇಜರ್ ತೆರೆದೆ. ಅದರಲ್ಲಿ ಸಂಶಯ ಬರುವಂಥದ್ದು ಏನೂ ಕಾಣಲಿಲ್ಲ. ನನ್ನ ಹತ್ತಿರ ಒಂದು ಪೆನ್ ಡ್ರೈವ್ ಉಂಟು, ಬದಿಯಲ್ಲಿ ಸಣ್ಣ ಲಾಕ್ ಸ್ವಿಚ್ ಇರುವಂಥದ್ದು. ಲಾಕ್ ಮಾಡಿದರೆ ಅದಕ್ಕೆ ಯಾರೂ ಏನೂ ಬರೆಯಲಿಕ್ಕೆ ಆಗುವುದಿಲ್ಲ. ಸಿಸ್‌ಇಂಟರ್ನಲ್ಸ್ ಇರುವುದು ಅದರಲ್ಲಿ. ಈ ಟೂಲ್‌ಗಳ ದೊಡ್ಡ ಗುಣವೇ ಇದು: ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಪೆನ್ ಡ್ರೈವ್‌ನಿಂದಲೇ ನೇರ ಓಡುತ್ತವೆ. ಸೋಂಕು ಹತ್ತಿದ ಯಂತ್ರದಲ್ಲಿ ಬ್ರೌಸರ್ ತೆರೆದು ಯಾವುದನ್ನೋ ಡೌನ್‌ಲೋಡ್ ಮಾಡುತ್ತಾ ಕೂರುವ ಕೆಲಸವಿಲ್ಲ.

ಟಿಸಿಪಿವ್ಯೂ ತೆರೆದೆ. ಯಾವ ಪ್ರೋಗ್ರಾಂ ಹೊರಗಿನ ಯಾವ ವಿಳಾಸದ ಜತೆ ಮಾತಾಡುತ್ತಿದೆ ಅಂತ ಅದು ಸಾಲುಸಾಲಾಗಿ ತೋರಿಸುತ್ತದೆ. ಕ್ರೋಮ್, ಔಟ್‌ಲುಕ್, ವಿಂಡೋಸ್‌ನ ಸರ್ವಿಸ್‌ಗಳ ನಡುವೆ ರೆಗ್‌ಆಸ್ಮ್ ಎಂಬ ಒಂದು ಸಾಲು. ಎದುರಿನ ಪೋರ್ಟ್ 587. ಅದು ಮೇಲ್ ಕಳಿಸುವ ಪೋರ್ಟ್. ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡೆ, ಕೂಡಲೇ ನೆಟ್ ಕೇಬಲ್ ಎಳೆದೆ. ವೈಫೈಯೂ ಬಂದ್.

ಇಲ್ಲೊಂದು ಮಾತು. ಮೊದಲು ಕೇಬಲ್ಲೋ, ಮೊದಲು ನೋಡುವುದೋ ಎಂಬುದರಲ್ಲಿ ನನ್ನ ಅಭಿಪ್ರಾಯ ಹೀಗೆ: ಫೈಲ್‌ಗಳ ಹೆಸರು ಕಣ್ಣೆದುರೇ ಬದಲಾಗುತ್ತಿದ್ದರೆ, ಶೇರ್ ಫೋಲ್ಡರ್ ತೆರೆಯದಿದ್ದರೆ, ದುಡ್ಡು ಕೇಳುವ ಪುಟ ಬಂದಿದ್ದರೆ ಕೇಬಲ್ ಮೊದಲು, ಉಳಿದದ್ದೆಲ್ಲ ಆಮೇಲೆ. ನೋಡಲಿಕ್ಕೆ ಬರುವವರು ದೂರದಲ್ಲಿದ್ದರೂ ಕೇಬಲ್ಲೇ ಮೊದಲು. ಗೊತ್ತಿದ್ದವರು ಎದುರೇ ಕೂತಿದ್ದರೆ ಟಿಸಿಪಿವ್ಯೂಗೆ ಅರ್ಧ ನಿಮಿಷ ಕೊಡಬಹುದು. ಕೇಬಲ್ ಎಳೆದ ಮೇಲೆ ಆ ಸಾಲು ಮತ್ತೆ ಸಿಗುವುದಿಲ್ಲ. ಆದರೆ ಯಾವ ಲೆಕ್ಕದಲ್ಲೂ ಪವರ್ ಬಟನ್ ಒತ್ತಿ ಆಫ್ ಮಾಡಬಾರದು. ಇಂಥವುಗಳ ಅರ್ಧ ಕಥೆ ಇರುವುದು ಮೆಮೊರಿಯಲ್ಲಿ. ಆಫ್ ಮಾಡಿದರೆ ಅದು ಅಲ್ಲಿಗೇ ಹೋಯಿತು.

ಆಮೇಲೆ ಪ್ರೋಸೆಸ್ ಎಕ್ಸ್‌ಪ್ಲೋರರ್. ನನ್ನ ಮಟ್ಟಿಗೆ ಇಡೀ ಸೂಟಿನ ರಾಜ ಇದು. ಓಡುತ್ತಿರುವ ಪ್ರೋಗ್ರಾಂಗಳನ್ನು ಇದು ವಂಶವೃಕ್ಷದ ಕ್ರಮದಲ್ಲಿ ತೋರಿಸುತ್ತದೆ. ಯಾರನ್ನು ಯಾರು ಹುಟ್ಟಿಸಿದರು ಅಂತ ಒಂದೇ ನೋಟದಲ್ಲಿ ಗೊತ್ತಾಗುತ್ತದೆ. ಔಟ್‌ಲುಕ್‌ನ ಅಡಿಯಲ್ಲಿ ವರ್ಡ್ ಇದ್ದರೆ ಸಹಜ. ವರ್ಡ್‌ನ ಅಡಿಯಲ್ಲಿ ಕಮಾಂಡ್ ಓಡಿಸುವ ಪವರ್‌ಶೆಲ್ ಇದ್ದರೆ ಅಲ್ಲೇ ನಿಲ್ಲಬೇಕು. ಹೊಸದಾಗಿ ಹುಟ್ಟಿದ್ದು ಹಸಿರು, ಸಾಯುತ್ತಿರುವುದು ಕೆಂಪು, ಒಳಗಿನದ್ದು ಕಾಣದ ಹಾಗೆ ಮಡಚಿ ಕಟ್ಟಿದ ಪ್ರೋಗ್ರಾಂ ನೇರಳೆ. ಬಣ್ಣ ಕಣ್ಣಿಗೆ ಹಿಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಆವತ್ತು ರೆಗ್‌ಆಸ್ಮ್ ಪಟ್ಟಿಯ ಕೆಳಗಡೆ ಎಡ ಅಂಚಿಗೆ ಅಂಟಿಕೊಂಡು ಕೂತಿತ್ತು. ಯಾರ ಮಗುವೂ ಅಲ್ಲ. ತನ್ನನ್ನು ಹುಟ್ಟಿಸಿದ ಪ್ರೋಗ್ರಾಂ ಆಗಲೇ ಹೋಗಿಬಿಟ್ಟಿದ್ದರೆ ಪ್ರೋಸೆಸ್ ಎಕ್ಸ್‌ಪ್ಲೋರರ್ ಅದನ್ನು ಹಾಗೆ ಅಂಚಿನಲ್ಲಿ ತೋರಿಸುತ್ತದೆ. ಫೈಲ್ ಯಾರು ಮಾಡಿದ್ದು ಅಂತ ಹೇಳುವ ಡಿಜಿಟಲ್ ಸಹಿಯ ಪರೀಕ್ಷೆ ಮಾಡಿದರೆ ‘ವೆರಿಫೈಡ್, ಮೈಕ್ರೋಸಾಫ್ಟ್’ ಅಂತ ಬಂತು. ಹೌದು, ಆ ಫೈಲ್ ನಿಜವಾಗಿಯೂ ಮೈಕ್ರೋಸಾಫ್ಟ್‌ನದ್ದೇ, ಡಾಟ್ ನೆಟ್ ಜತೆಗೆ ಪ್ರತಿ ವಿಂಡೋಸ್‌ನಲ್ಲೂ ಬರುವಂಥದ್ದು. ಸಾಫ್ಟ್‌ವೇರ್ ತುಣುಕುಗಳನ್ನು ರಿಜಿಸ್ಟರ್ ಮಾಡಿ ಕ್ಷಣದಲ್ಲಿ ಮುಗಿದುಹೋಗಬೇಕಾದ ಪ್ರೋಗ್ರಾಂ ಅದು. ಅದಕ್ಕೆ ಮೇಲ್ ಸರ್ವರಿನ ಹತ್ತಿರ ಎಂತ ಕೆಲಸ? ಗಂಟೆಗಟ್ಟಲೆ ಓಡಲಿಕ್ಕೆ ಎಂತ ಕಾರಣ? ಮಾಲ್‌ವೇರ್ ಈ ಒಳ್ಳೆಯ ಪ್ರೋಗ್ರಾಂ ಅನ್ನು ಎಬ್ಬಿಸಿ, ಅದರ ಮೆಮೊರಿಯ ಒಳಗೆ ತನ್ನ ಕೋಡ್ ತುಂಬಿಸಿ ಓಡುತ್ತಿತ್ತು. ಡಿಸ್ಕಿನಲ್ಲಿರುವ ಫೈಲ್ ನೋಡಿದರೆ ಅದು ಶುದ್ಧ. ಕೆಟ್ಟದ್ದು ಇದ್ದದ್ದು ಮೆಮೊರಿಯಲ್ಲಿ.

ಆ ಸಾಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ‘ಸ್ಟ್ರಿಂಗ್ಸ್’ ಟ್ಯಾಬ್‌ಗೆ ಹೋದರೆ ಕೆಳಗೆ ‘ಇಮೇಜ್’, ‘ಮೆಮೊರಿ’ ಅಂತ ಎರಡು ಗುಂಡಿ ಉಂಟು. ಇಮೇಜ್ ಅಂದರೆ ಡಿಸ್ಕಿನ ಫೈಲಿನಲ್ಲಿರುವ ಅಕ್ಷರಗಳು, ಮೆಮೊರಿ ಅಂದರೆ ಈಗ ಓಡುತ್ತಿರುವುದರಲ್ಲಿರುವ ಅಕ್ಷರಗಳು. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಇಲ್ಲಿ ಇಮೇಜ್‌ನಲ್ಲಿ ಮೈಕ್ರೋಸಾಫ್ಟ್‌ನ ಮಾಮೂಲಿ ವಾಕ್ಯಗಳು. ಮೆಮೊರಿಯಲ್ಲಿ ಬ್ರೌಸರ್‌ಗಳ ಹೆಸರುಗಳು, ಫೈಲ್‌ಜಿಲ್ಲಾ, ಔಟ್‌ಲುಕ್, ಅವು ಪಾಸ್‌ವರ್ಡ್ ಇಟ್ಟುಕೊಳ್ಳುವ ಜಾಗಗಳು, ಮತ್ತೆ ಒಂದು ಅಪರಿಚಿತ ಮೇಲ್ ಸರ್ವರಿನ ವಿಳಾಸ. ಈ ಒಂದು ಟ್ಯಾಬ್‌ಗೋಸ್ಕರ ನಾನು ದುಡ್ಡು ಕೊಟ್ಟಾದರೂ ಈ ಟೂಲ್ ತೆಗೆದುಕೊಳ್ಳುತ್ತಿದ್ದೆ. ಏನು ಕಳವಾಗಿರಬಹುದು ಎಂಬ ಪಟ್ಟಿ ನನಗೆ ಸಿಕ್ಕಿದ್ದೇ ಅಲ್ಲಿ.

ಸಿಕ್ಕಿತು ಅಂತ ಕೂಡಲೇ ‘ಕಿಲ್’ ಒತ್ತಬಾರದು. ಇದನ್ನು ಕಲಿಸಿದ್ದು ಈ ಟೂಲ್‌ಗಳನ್ನು ಬರೆದ ಮಾರ್ಕ್ ರುಸ್ಸಿನೊವಿಚ್ ಅವರೇ. ಬ್ರೈಸ್ ಕಾಗ್ಸ್‌ವೆಲ್ ಜತೆ ಸೇರಿ ಅವರು 1996ರಲ್ಲಿ ಶುರು ಮಾಡಿದ ತಾಣ ಇದು, 2006ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಅವರು ತಮ್ಮ ಭಾಷಣಗಳಲ್ಲಿ ಹೇಳುವ ಕ್ರಮ ಹೀಗೆ: ನೆಟ್ ಬಿಡಿಸು, ಕೆಟ್ಟ ಪ್ರೋಸೆಸ್ ಗುರುತಿಸು, ಮೊದಲು ಸಸ್ಪೆಂಡ್ ಮಾಡು, ಆಮೇಲೆ ಕೊಲ್ಲು, ತಾನಾಗಿ ಶುರುವಾಗುವ ಜಾಗ ಹುಡುಕಿ ಅಳಿಸು, ಫೈಲ್ ತೆಗೆ, ರೀಸ್ಟಾರ್ಟ್ ಮಾಡಿ ಮತ್ತೆ ನೋಡು. ಸಸ್ಪೆಂಡ್ ಯಾಕೆ ಮೊದಲು ಅಂದರೆ, ಎಷ್ಟೋ ಮಾಲ್‌ವೇರ್‌ಗಳು ಜೋಡಿಯಾಗಿ ಓಡುತ್ತವೆ. ಒಬ್ಬ ಕಳ್ಳನನ್ನು ಹಿಡಿದ ಕೂಡಲೇ ಹೊರಗೆ ಕಾವಲು ನಿಂತವನು ಇನ್ನೊಬ್ಬನನ್ನು ಕಳಿಸುವ ಹಾಗೆ, ಒಂದು ಸತ್ತರೆ ಮತ್ತೊಂದು ಅದನ್ನು ಎಬ್ಬಿಸುತ್ತದೆ. ಸಸ್ಪೆಂಡ್ ಮಾಡಿದರೆ ಅದು ಸತ್ತಿರುವುದಿಲ್ಲ, ಅದರಿಂದ ಜೋಡಿಗೆ ಸುಳಿವು ಸಿಗುವುದಿಲ್ಲ. ಸಾಲು ಬೂದು ಬಣ್ಣಕ್ಕೆ ತಿರುಗಿ ನಿಂತಲ್ಲೇ ನಿಲ್ಲುತ್ತದೆ. ಆಗ ನಿಧಾನವಾಗಿ ‘ಕ್ರಿಯೇಟ್ ಡಂಪ್’ ಕೊಟ್ಟು ಅದರ ಮೆಮೊರಿಯನ್ನೇ ಒಂದು ಫೈಲಾಗಿ ಇಟ್ಟುಕೊಳ್ಳಬಹುದು. ಮುಂದೆ ಯಾರಾದರೂ ತಿಳಿದವರು ಪರೀಕ್ಷೆ ಮಾಡುವುದಾದರೆ ಅದು ಬೇಕು.

ಮಾಲೀಕರು ಅಷ್ಟರಲ್ಲಿ ಬಂದು ‘ಮೇಡಂ, ಫಾರ್ಮ್ಯಾಟ್ ಹೊಡೆದುಬಿಡಿ, ಸಂಜೆಯೊಳಗೆ ಎರಡು ಜಾಬ್ ಫೈಲ್ ಮಾಡ್ಲಿಕ್ಕುಂಟು’ ಅಂದರು. ಅವರ ಅವಸರ ನಿಜವಾದದ್ದೇ. ಸರಕು ಬಂದರಿನಲ್ಲಿ ಕೂತರೆ ದಿನಕ್ಕಿಷ್ಟು ಅಂತ ಬಾಡಿಗೆ ಏರುತ್ತದೆ. ನಾನು ಅವರನ್ನು ಕೂರಿಸಿ ಆ ಸ್ಟ್ರಿಂಗ್ಸ್ ಪಟ್ಟಿ ತೋರಿಸಿದೆ. ‘ಸಾರ್, ಇದರಲ್ಲಿ ಕ್ರೋಮ್ ಉಂಟು ನೋಡಿ. ನಿಮ್ಮ ಐಸ್‌ಗೇಟ್ ಪಾಸ್‌ವರ್ಡ್ ಎಲ್ಲಿ ಸೇವ್ ಮಾಡಿದ್ದೀರಿ?’ ಅಂತ ಕೇಳಿದೆ. ಐಸ್‌ಗೇಟ್ ಅಂದರೆ ಕಸ್ಟಮ್ಸ್ ಫೈಲಿಂಗ್ ಮಾಡುವ ಸರಕಾರಿ ತಾಣ. ಅವರು ಅದರ ಪಾಸ್‌ವರ್ಡನ್ನು ಕ್ರೋಮ್‌ನಲ್ಲೇ ಇಟ್ಟಿದ್ದರು. ಆಮೇಲೆ ಫಾರ್ಮ್ಯಾಟ್ ಮಾತು ಬರಲಿಲ್ಲ, ಜಾಬ್ ಎರಡನ್ನೂ ಬೇರೆ ಸಿಸ್ಟಮಿನಿಂದ ಮಾಡಿಸಿದರು.

ಇನ್ನು ಆಟೋರನ್ಸ್. ಕಂಪ್ಯೂಟರ್ ಆನ್ ಆದಾಗ, ಲಾಗಿನ್ ಆದಾಗ, ಹೊತ್ತು ನೋಡಿ ತಾನಾಗಿ ಶುರುವಾಗುವ ಪ್ರತಿಯೊಂದನ್ನೂ ಇದು ಒಂದೇ ಕಿಟಕಿಯಲ್ಲಿ ಹಾಕುತ್ತದೆ. ಸ್ಟಾರ್ಟಪ್ ಫೋಲ್ಡರ್ ಮಾತ್ರ ಅಲ್ಲ, ಶೆಡ್ಯೂಲ್ಡ್ ಟಾಸ್ಕ್, ಸರ್ವಿಸ್, ಡ್ರೈವರ್, ಡಬ್ಲ್ಯೂಎಂಐ, ಎಕ್ಸ್‌ಪ್ಲೋರರ್‌ಗೆ ನೇತುಹಾಕಿದ ತುಂಡುಗಳು, ಎಲ್ಲ. ಮೊದಲ ಸಲ ತೆರೆದವರಿಗೆ ತಲೆ ತಿರುಗುತ್ತದೆ, ಅಷ್ಟು ಸಾಲು. ‘ಹೈಡ್ ಮೈಕ್ರೋಸಾಫ್ಟ್ ಎಂಟ್ರೀಸ್’ ಹಾಕಿ, ಸಹಿ ಪರೀಕ್ಷೆ ಆನ್ ಮಾಡಿದರೆ ಪಟ್ಟಿ ಸಣ್ಣದಾಗುತ್ತದೆ. ಗುಲಾಬಿ ಬಣ್ಣದ ಸಾಲು ಅಂದರೆ ತಯಾರಕರ ಹೆಸರಿಲ್ಲ ಅಥವಾ ಸಹಿ ಸರಿಯಿಲ್ಲ. ಹಳದಿ ಅಂದರೆ ಹೆಸರು ಉಂಟು, ಫೈಲ್ ಇಲ್ಲ. ಗುಲಾಬಿ ಎಲ್ಲವೂ ಕಳ್ಳರಲ್ಲ. ನಮ್ಮ ಕಡೆ ಬಳಸುವ ಹಳೆಯ ತೂಕದ ಯಂತ್ರದ ಸಾಫ್ಟ್‌ವೇರ್, ಅಗ್ಗದ ಲೇಬಲ್ ಪ್ರಿಂಟರಿನ ಡ್ರೈವರ್ ಎಲ್ಲ ಗುಲಾಬಿಯಾಗಿಯೇ ಬರುತ್ತವೆ. ಅದಕ್ಕೇ ಪ್ರತಿ ಸಾಲಿನಲ್ಲಿರುವ ಫೋಲ್ಡರ್ ದಾರಿ ಓದಬೇಕು.

ಈ ಕೇಸಿನಲ್ಲಿ ಶೆಡ್ಯೂಲ್ಡ್ ಟಾಸ್ಕ್ಸ್ ಟ್ಯಾಬ್‌ನಲ್ಲಿ ‘ಅಪ್ಡೇಟ್ಸ್’ ಅಂತ ಶುರುವಾಗಿ ಅರ್ಥವಿಲ್ಲದ ಅಕ್ಷರಗಳಲ್ಲಿ ಮುಗಿಯುವ ಒಂದು ಹೆಸರು. ದಾರಿ ಆ್ಯಪ್‌ಡೇಟಾ ಒಳಗಿನ ರೋಮಿಂಗ್ ಫೋಲ್ಡರಿಗೆ. ಅಲ್ಲಿ ಆ ಸುಳ್ಳು ಅರೈವಲ್ ನೋಟಿಸ್‌ನದ್ದೇ ಒಂದು ಪ್ರತಿ ಬೇರೆ ಹೆಸರಿನಲ್ಲಿ ಕೂತಿತ್ತು. ಟಿಕ್ ತೆಗೆದರೆ ಅದು ನಿಷ್ಕ್ರಿಯ ಆಗುತ್ತದೆ, ಬೇಕಾದರೆ ಮತ್ತೆ ಟಿಕ್ ಹಾಕಿ ತರಬಹುದು. ಡಿಲೀಟ್ ಕೊಟ್ಟರೆ ಹೋದದ್ದು ಹೋಯಿತು. ತನಿಖೆ ಮುಗಿಯುವ ತನಕ ಟಿಕ್ ತೆಗೆಯುವುದೇ ಕ್ಷೇಮ.

ಆಟೋರನ್ಸ್‌ನ ಇನ್ನೊಂದು ಗುಣ ತುಂಬ ಜನರಿಗೆ ಗೊತ್ತಿಲ್ಲ. ಸಿಸ್ಟಮ್ ಚೆನ್ನಾಗಿರುವಾಗ ಪಟ್ಟಿಯನ್ನು ಒಂದು ಫೈಲಾಗಿ ಸೇವ್ ಮಾಡಿಟ್ಟರೆ, ಮುಂದೆ ‘ಕಂಪೇರ್’ ಕೊಟ್ಟಾಗ ಹೊಸದಾಗಿ ಸೇರಿದ ಸಾಲುಗಳನ್ನು ಹಸಿರಿನಲ್ಲಿ ತೋರಿಸುತ್ತದೆ. ಎಎಂಸಿ ಮಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ನಾನೀಗ ಹೊಸ ಸಿಸ್ಟಮ್ ಕೂರಿಸಿದ ದಿನವೇ ಈ ಫೈಲ್ ತೆಗೆದಿಟ್ಟುಕೊಳ್ಳುತ್ತೇನೆ. ಬೈಕಂಪಾಡಿಯಲ್ಲಿ ಉಳಿದ ಸಿಸ್ಟಮ್‌ಗಳನ್ನು ಪರೀಕ್ಷೆ ಮಾಡುವಾಗ ಇದರಿಂದಲೇ ಕೆಲಸ ಬೇಗ ಆಯಿತು. ಬೇರೆ ಯಾವುದರಲ್ಲೂ ಆ ಟಾಸ್ಕ್ ಇರಲಿಲ್ಲ.

ವೈರಸ್‌ಟೋಟಲ್ ಬಗ್ಗೆ ಸ್ವಲ್ಪ ಖಡಾಖಂಡಿತವಾಗಿ ಹೇಳಬೇಕು. ಗೂಗಲ್ 2012ರಲ್ಲಿ ಕೊಂಡ ಸೇವೆ ಅದು. ಒಂದು ಫೈಲನ್ನು ಹಲವಾರು ಆಂಟಿವೈರಸ್‌ಗಳು ಏನು ಹೇಳುತ್ತವೆ ಅಂತ ಒಟ್ಟಿಗೆ ತೋರಿಸುತ್ತದೆ. ಪ್ರೋಸೆಸ್ ಎಕ್ಸ್‌ಪ್ಲೋರರ್ ಮತ್ತು ಆಟೋರನ್ಸ್ ಎರಡರಲ್ಲೂ ಅದರ ಕಾಲಂ ಉಂಟು. ಅವು ತಾವಾಗಿ ಫೈಲ್ ಕಳಿಸುವುದಿಲ್ಲ, ಫೈಲಿನ ಬೆರಳಚ್ಚಿನಂತಿರುವ ಹ್ಯಾಶ್ ಮಾತ್ರ ಕಳಿಸಿ ಕೇಳುತ್ತವೆ. ಅದು ಒಳ್ಳೆಯದು. ಆದರೆ ಗೊತ್ತಿಲ್ಲದ ಫೈಲನ್ನು ಪೂರ್ತಿ ಕಳಿಸುವ ಆಯ್ಕೆಯೂ ಅಲ್ಲೇ ಉಂಟು, ಅದನ್ನು ಆಫೀಸಿನಲ್ಲಿ ಆನ್ ಮಾಡಬೇಡಿ. ವೈರಸ್‌ಟೋಟಲ್‌ಗೆ ಅಪ್‌ಲೋಡ್ ಆದ ಫೈಲನ್ನು ದುಡ್ಡು ಕೊಟ್ಟು ಸದಸ್ಯರಾದವರು ಇಳಿಸಿಕೊಳ್ಳಬಹುದು. ಪಾರ್ಟಿಯ ಇನ್‌ವಾಯ್ಸ್ ಅನ್ನು ‘ವೈರಸ್ ಉಂಟಾ ನೋಡುವ’ ಅಂತ ಅಲ್ಲಿಗೆ ಏರಿಸುವುದು ಅಂದರೆ ಪಾರ್ಟಿಯ ರೇಟನ್ನು ಹೊರಗಿನವರ ಕೈಗೆ ಕೊಟ್ಟಂತೆ. ನಾನು ಮಾಡುವುದು ಹೀಗೆ: ಪವರ್‌ಶೆಲ್‌ನಲ್ಲಿ ಎಂಡಿ5 ಹ್ಯಾಶ್ ತೆಗೆದು, ಅದರ ಫೋಟೊ ಹೊಡೆದು, ನನ್ನ ಲ್ಯಾಪ್‌ಟಾಪ್‌ನಲ್ಲಿ ಆ 32 ಅಕ್ಷರ ಟೈಪ್ ಮಾಡಿ ಹುಡುಕುತ್ತೇನೆ. ಈ ಕೇಸಿನಲ್ಲಿ ಅಲ್ಲಿ ಏಜೆಂಟ್ ಟೆಸ್ಲಾ ಹೆಸರೇ ಸಾಲಾಗಿ ಬಂತು.

ಸೊನ್ನೆ ಬಂದರೆ ಮಾತ್ರ ನಂಬಬೇಡಿ. ಮೇಲೆ ಹೇಳಿದ ರೆಗ್‌ಆಸ್ಮ್‌ಗೆ ವೈರಸ್‌ಟೋಟಲ್‌ನಲ್ಲಿ ಸಿಗುವುದು ಸೊನ್ನೆಯೇ, ಯಾಕೆಂದರೆ ಡಿಸ್ಕಿನ ಫೈಲ್ ಶುದ್ಧ. ಈ ಟೂಲ್‌ಗಳ ನಿಜವಾದ ಮಿತಿ ಇದು. ಇವು ತೀರ್ಪು ಹೇಳುವುದಿಲ್ಲ, ಸಾಕ್ಷಿ ತಂದು ಮುಂದಿಡುತ್ತವೆ. ಓದುವವರಿಗೆ ಸಹಜ ಯಾವುದು, ಅಸಹಜ ಯಾವುದು ಅಂತ ಗೊತ್ತಿರಬೇಕು. ಅದಕ್ಕೆ ದಾರಿ ಒಂದೇ, ಚೆನ್ನಾಗಿರುವ ಸಿಸ್ಟಮಿನಲ್ಲಿ ಬಿಡುವಾದಾಗಲೆಲ್ಲ ಪ್ರೋಸೆಸ್ ಎಕ್ಸ್‌ಪ್ಲೋರರ್ ತೆರೆದು ನೋಡುವುದು. ಕರ್ನಲ್, ಅಂದರೆ ವಿಂಡೋಸ್‌ನ ತಿರುಳಿನ ಮಟ್ಟದಲ್ಲಿ ಅಡಗುವ ರೂಟ್‌ಕಿಟ್ ಎಂಬ ಮಾಲ್‌ವೇರ್ ಆದರೆ ಓಡುತ್ತಿರುವ ವಿಂಡೋಸ್‌ನ ಒಳಗಿಂದ ನೋಡಿ ಪ್ರಯೋಜನ ಇಲ್ಲ. ಅಂಥ ಸಂಶಯ ಇದ್ದರೆ ವಿಂಡೋಸ್ ಜತೆಗೇ ಬರುವ ಆಂಟಿವೈರಸ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಬೇಕು, ಅದು ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ಆಟೋರನ್ಸ್‌ನಲ್ಲೂ ಹಾರ್ಡ್ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿ ಹೊರಗಿಂದ ನೋಡುವ ಆಯ್ಕೆ ಉಂಟು.

ಕೊನೆಗೆ ಆ ಹುಡುಗನ ಸಿಸ್ಟಮ್ ಫಾರ್ಮ್ಯಾಟ್ ಆಯಿತು, ನಾನೇ ಮಾಡಿದೆ. ಪಾಸ್‌ವರ್ಡ್ ಕದಿಯುವಂಥದ್ದು ಓಡಿದ ಯಂತ್ರವನ್ನು ಗುಡಿಸಿ ಒರೆಸಿ ಮತ್ತೆ ಬ್ಯಾಂಕಿಂಗ್‌ಗೆ ಕೊಡುವುದು ನನಗೆ ಒಪ್ಪಿಗೆ ಇಲ್ಲ. ಆದರೆ ಫಾರ್ಮ್ಯಾಟ್ ಹೊಡೆಯುವ ಹೊತ್ತಿಗೆ ಏನು ಕಳವಾಗಿದೆ ಅಂತ ಕೈಯಲ್ಲಿ ಪಟ್ಟಿ ಇತ್ತು. ಬೇರೆ ಶುದ್ಧ ಸಿಸ್ಟಮಿನಿಂದ ಮೇಲ್, ಐಸ್‌ಗೇಟ್, ಬ್ಯಾಂಕ್, ಎಲ್ಲದರ ಪಾಸ್‌ವರ್ಡ್ ಬದಲಾಯಿಸಿದೆವು. ಮೇಲ್‌ನಲ್ಲಿ ಎಲ್ಲ ಸೆಷನ್ ಲಾಗ್ ಔಟ್ ಮಾಡಿಸಿದೆವು.

ಮೇಲ್‌ಬಾಕ್ಸಿನ ಫಾರ್ವರ್ಡಿಂಗ್ ರೂಲ್‌ಗಳನ್ನು ನೋಡದೆ ಬಿಡಬೇಡಿ ಅಂತ ಪ್ರತಿ ಆಫೀಸಿಗೂ ಹೇಳುತ್ತೇನೆ. ಪಾಸ್‌ವರ್ಡ್ ಸಿಕ್ಕಿದವನು ಮೊದಲು ಮಾಡುವುದು ಹೆಚ್ಚಾಗಿ ಅದನ್ನೇ. ಇನ್‌ವಾಯ್ಸ್ ಎಂಬ ಪದ ಇರುವ ಪ್ರತಿ ಮೇಲ್‌ನ ಪ್ರತಿ ತನಗೆ ಬರುವ ಹಾಗೆ ರೂಲ್ ಹಾಕಿ ಸುಮ್ಮನೆ ಕೂರುತ್ತಾನೆ. ದೊಡ್ಡ ಮೊತ್ತದ ಪೇಮೆಂಟ್ ಬರುವ ಹೊತ್ತಿಗೆ ‘ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ’ ಅಂತ ಪಾರ್ಟಿಗೆ ನಿಮ್ಮ ಹೆಸರಿನಲ್ಲೇ ಮೇಲ್ ಹೋಗುತ್ತದೆ. ಪಾಸ್‌ವರ್ಡ್ ಬದಲಾಯಿಸಿದರೂ ರೂಲ್ ಅಲ್ಲೇ ಇರುತ್ತದೆ. ಇಲ್ಲಿ ಅಂಥ ರೂಲ್ ಕಾಣಲಿಲ್ಲ. ಆದರೂ ಅಕೌಂಟ್ ಬದಲಾವಣೆಯ ಮೇಲ್ ಬಂದರೆ ನಂಬಬೇಡಿ, ಫೋನ್ ಮಾಡಿ ಕೇಳಿ ಅಂತ ಎಲ್ಲ ಪಾರ್ಟಿಗಳಿಗೂ ಮಾಲೀಕರೇ ಕೂತು ಫೋನ್ ಮಾಡಿದರು.

ಡಿಜಿಟಲ್ ಸಿಗ್ನೇಚರಿನ ಯುಎಸ್‌ಬಿ ಟೋಕನ್ ಬಗ್ಗೆಯೂ ಒಂದು ಮಾತು. ಅದರೊಳಗಿನ ಕೀಲಿಯನ್ನು ಕಾಪಿ ಮಾಡಿಕೊಂಡು ಹೋಗಲಿಕ್ಕೆ ಆಗದ ಹಾಗೆಯೇ ಆ ಟೋಕನ್ ಮಾಡಿರುತ್ತಾರೆ. ಆದರೆ ಕೀಬೋರ್ಡ್ ಕದ್ದು ಓದುವ ಮಾಲ್‌ವೇರ್‌ಗೆ ಪಿನ್ ಸಿಗುತ್ತದೆ. ಟೋಕನ್ ದಿನವಿಡೀ ಸಿಸ್ಟಮಿಗೆ ಚುಚ್ಚಿಟ್ಟೇ ಇದ್ದರೆ, ದೂರದಿಂದ ಯಂತ್ರ ಕೈಗೆ ಸಿಕ್ಕಿದವನು ಕಾಪಿ ಮಾಡದೆಯೂ ಸಹಿ ಹಾಕಬಹುದು. ಸಹಿ ಹಾಕಿ ಆದ ಕೂಡಲೇ ತೆಗೆದು ಡ್ರಾಯರಿನಲ್ಲಿ ಇಡಿ. ಪಣಂಬೂರಿನಲ್ಲಿ ನಾನು ಕಾಲಿಟ್ಟ ಆಫೀಸುಗಳಲ್ಲಿ ಟೋಕನ್ ಚುಚ್ಚಿಟ್ಟಲ್ಲೇ ಇರುವುದನ್ನು ನೋಡಿದಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ವರದಿ ಮಾಡುವ ವಿಷಯವೂ ಉಂಟು. ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಕಂಪನಿಗಳು ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, ಜತೆಗೆ ಊರಿನ ಸೈಬರ್ ಅಪರಾಧ (ಸೆನ್) ಪೊಲೀಸ್ ಠಾಣೆ. ಫೋಟೊ, ಹ್ಯಾಶ್, ಡಂಪ್ ಫೈಲ್, ಮೂಲ ಮೇಲ್ ಇದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಫಾರ್ಮ್ಯಾಟ್ ಹೊಡೆದ ಸಿಸ್ಟಮ್ ತೆಗೆದುಕೊಂಡು ಹೋದರೆ ಅವರಾದರೂ ಎಂತ ಮಾಡಿಯಾರು?

ಲಾಗ್ ಅಂದಾಗ ಸಿಸ್‌ಮಾನ್ ನೆನಪಾಗಬೇಕು. 2014ರಲ್ಲಿ ಬಂದ ಟೂಲ್. ಉಳಿದ ಮೂರು ಈ ಕ್ಷಣವನ್ನು ತೋರಿಸುತ್ತವೆ, ಇದು ಹಿಂದಿನದ್ದನ್ನು ಬರೆದಿಡುತ್ತದೆ. ಇದನ್ನು ಮಾತ್ರ ಮೊದಲೇ ಇನ್‌ಸ್ಟಾಲ್ ಮಾಡಿರಬೇಕು. ಯಾವ ಪ್ರೋಗ್ರಾಂ ಯಾವಾಗ ಹುಟ್ಟಿತು, ಯಾವ ಕಮಾಂಡಿನಿಂದ, ಅದರ ಹ್ಯಾಶ್ ಏನು ಎಂಬುದು ಇವೆಂಟ್ 1ರಲ್ಲಿ. ನೆಟ್‌ವರ್ಕ್ ಸಂಪರ್ಕ 3ರಲ್ಲಿ, ಡಿಎನ್‌ಎಸ್ ಹುಡುಕಾಟ, ಅಂದರೆ ಯಾವ ತಾಣದ ಹೆಸರಿನ ವಿಳಾಸ ಕೇಳಿತು ಎಂಬುದು, 22ರಲ್ಲಿ. ನೆಟ್‌ವರ್ಕಿನ ದಾಖಲೆ ತಾನಾಗಿ ಆಗುವುದಿಲ್ಲ, ಕಾನ್ಫಿಗರೇಶನ್ ಫೈಲಿನಲ್ಲಿ ಹೇಳಬೇಕು. ನಾಲ್ಕರಲ್ಲಿ ಕಲಿಯಲಿಕ್ಕೆ ಕಷ್ಟವಾದದ್ದು ಇದು, ಕಿಟಕಿಯೂ ಇಲ್ಲ, ಗುಂಡಿಯೂ ಇಲ್ಲ, ಎಲ್ಲ ಇವೆಂಟ್ ವ್ಯೂವರ್‌ನಲ್ಲಿ ಅಗೆಯಬೇಕು. ಆದರೂ ಕಲಿಯಿರಿ. ಎರಡು ವಾರ ಹಿಂದೆ ಏನಾಯಿತು ಅಂತ ಮಾಲೀಕರು ಕೇಳಿದಾಗ ಉತ್ತರ ಕೊಡಬಲ್ಲ ಟೂಲ್ ಇದೊಂದೇ.

ಇಷ್ಟೆಲ್ಲ ಹೇಳಿದ ಮೇಲೆ ಯಾರಿಗೆ ಇದು ಸಾಲುವುದಿಲ್ಲ ಅಂತಲೂ ಹೇಳಬೇಕು. ಹತ್ತು ಹದಿನೈದು ಸಿಸ್ಟಮ್ ಒಂದೇ ಕೋಣೆಯಲ್ಲಿರುವ ಆಫೀಸಿಗೆ ಇದು ಧಾರಾಳ. ಊರೂರಿಗೆ ಶಾಖೆ ಇರುವ ಸೊಸೈಟಿ, ಆಸ್ಪತ್ರೆ, ಕಾಲೇಜುಗಳಿಗೆ ಪೆನ್ ಡ್ರೈವ್ ಹಿಡಿದು ಓಡುವುದು ಆಗದ ಕೆಲಸ. ಉಡುಪಿಯಲ್ಲಿ ಕೂತು ಬೈಂದೂರಿನ ಸಿಸ್ಟಮಿನ ಕೇಬಲ್ ಎಳೆಯಲಿಕ್ಕೆ ಆಗುವುದಿಲ್ಲ. ಅಂಥವರು ಎಲ್ಲ ಸಿಸ್ಟಮ್‌ಗಳನ್ನು ಒಂದೇ ಕಡೆಯಿಂದ ಕಾಯುವ, ಇಡಿಆರ್ ಎಂಬ ಜಾತಿಯ ಸಾಫ್ಟ್‌ವೇರ್ ತೆಗೆದುಕೊಳ್ಳಬೇಕು. ಉದಾಹರಣೆಗೆ ಮೈಕ್ರೋಸಾಫ್ಟ್‌ನದ್ದೇ ಡಿಫೆಂಡರ್ ಫಾರ್ ಬಿಸಿನೆಸ್, 300 ಬಳಕೆದಾರರವರೆಗಿನ ಸಂಸ್ಥೆಗಳಿಗೆ ಮಾಡಿದ್ದು. ಅದರಲ್ಲಿ ‘ಐಸೊಲೇಟ್’ ಗುಂಡಿ ಒತ್ತಿದರೆ ಆ ಯಂತ್ರ ನೆಟ್‌ವರ್ಕಿನಿಂದ ಕಡಿದುಹೋಗುತ್ತದೆ, ಆದರೆ ಡಿಫೆಂಡರ್ ಸರ್ವರ್ ಜತೆ ಮಾತ್ರ ಮಾತಾಡುತ್ತಿರುತ್ತದೆ. ದೂರದಿಂದಲೇ ತನಿಖೆ ಮುಂದುವರಿಸಬಹುದು. ವೇಗವಾಗಿ ಹರಡುವಂಥದ್ದು ಬಂದಾಗ ಈ ಗುಂಡಿಯ ಬೆಲೆ ಗೊತ್ತಾಗುತ್ತದೆ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಮಾಲ್‌ವೇರ್ ಹರಡಿದಾಗ ಮೇರ್ಸ್ಕ್ ಎಂಬ ದೊಡ್ಡ ಹಡಗು ಕಂಪನಿ 4,000 ಸರ್ವರ್, 45,000 ಪಿಸಿ ಹೊಸದಾಗಿ ಕಟ್ಟಬೇಕಾಯಿತು. ಮುಂಬೈಯ ಜೆಎನ್‌ಪಿಟಿ ಬಂದರಿನಲ್ಲಿ ಅವರ ಟರ್ಮಿನಲ್ ಕೆಲಸವೂ ಕೆಟ್ಟಿತು. ಬಂದರಿನ ಜನರಿಗೆ ಈ ಕಥೆ ಹೇಳಿದರೆ ಬ್ಯಾಕಪ್‌ಗೆ ದುಡ್ಡು ಕೇಳಲಿಕ್ಕೆ ಸುಲಭ ಆಗುತ್ತದೆ.

ಬೇಕಾದವರು ಸಿಸ್‌ಇಂಟರ್ನಲ್ಸ್ ಅನ್ನು ಮೈಕ್ರೋಸಾಫ್ಟ್‌ನ ಸ್ವಂತ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ, ಫ್ರೀ ಟೂಲ್‌ಗಳ ಹೆಸರಿನಲ್ಲೇ ಮಾಲ್‌ವೇರ್ ಹಂಚುವವರು ಇದ್ದಾರೆ. ಇಳಿಸಿದ ಮೇಲೆ ಫೈಲಿನ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ ಮೈಕ್ರೋಸಾಫ್ಟ್‌ನದ್ದೇ ಅಂತ ನೋಡಿಕೊಳ್ಳಿ, ಆಮೇಲೆ ಪೆನ್ ಡ್ರೈವ್‌ಗೆ ಹಾಕಿ ಲಾಕ್ ಮಾಡಿ. ಓಡಿಸುವಾಗ ಯಾವಾಗಲೂ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಡಿ, ಇಲ್ಲದಿದ್ದರೆ ಅರ್ಧ ಸಾಲುಗಳ ವಿವರ ಖಾಲಿ ಬರುತ್ತದೆ. ಶುರು ಮಾಡುವವರು ಮೊದಲು ಆಟೋರನ್ಸ್ ಹಿಡಿಯಿರಿ, ನಿಮ್ಮದೇ ಸಿಸ್ಟಮಿನ ಪಟ್ಟಿ ಸೇವ್ ಮಾಡಿಕೊಳ್ಳಿ, ಪ್ರತಿ ಗುಲಾಬಿ ಸಾಲು ಎಲ್ಲಿಂದ ಬಂತು ಅಂತ ಪತ್ತೆ ಮಾಡಿ.